ದೂರದೇಶದ ಪಂದ್ಯಗಳೂ ವೇಳಾಂತರದ ಸಮಸ್ಯೆಯೂ

ಸ್ವದೇಶದ ತಂಡವು ಕಡಲಾಚೆ ಆಡುತ್ತಿರುವಾಗ ಅದರ ಅಭಿಮಾನಿಗೆ ಎರಡು ಅಡಚಣೆಗಳು ಒದಗುತ್ತವೆ. ಸುದ್ದಿ ಬಂದು ತಲುಪಲು ಹಿಡಿಯುವ ಕಾಲವು ಮೊದಲನೆಯದು, ಇದನ್ನು ವಿಳಂಬವೆನ್ನೋಣ. ಆಟ ನಡೆಯುವ ಊರಿನಲ್ಲಿ ಹಗಲಾಗಿರುವಾಗ ಅಭಿಮಾನಿಯ ಊರಿನಲ್ಲಿ ಇರುಳಾಗಿರುವುದು ಎರಡನೆಯದು, ಇದನ್ನು ವೇಳಾಂತರವೆನ್ನೋಣ. ವಿಳಂಬವು ಯಂತ್ರಸಾಧನಗಳಿಂದ ನೀಗತಕ್ಕದ್ದು. ವೇಳಾಂತರವಾದರೋ ಭೂಮಿಯ ಆವರ್ತನದಿಂದ ಉಂಟಾದುದು. ಅದು ಯಾವ ಯಂತ್ರಕ್ಕೂ ಮಣಿಯದು. ಈ ಭೇದವನ್ನು ಒಂದು ನಿದರ್ಶನದಿಂದ ವಿಶದಪಡಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಭೂಮಿಯು ಗಂಟೆಗೆ 15 ಅಂಶಗಳಷ್ಟು ತಿರುಗುತ್ತದೆ. ಸಿಡ್ನಿ ನಗರವು ಗ್ರೀನಿಚ್ಚಿಗೆ ಸುಮಾರು 151 ಅಂಶ ಪೂರ್ವದಲ್ಲಿರುವುದರಿಂದ ಅಲ್ಲಿನ ಪ್ರಮಾಣವೇಳೆ 10 ಗಂಟೆ ಮುಂದಿದೆ. ಬೇಸಗೆಯಲ್ಲಿ ಇಂಗ್ಲೆಂಡಿನವರು ತಮ್ಮ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಆಗ ಉಳಿಯುವ ಅಂತರ 9 ಗಂಟೆ. ಲಂಡನ್ನಿನಲ್ಲಿ ಬೆಳಿಗ್ಗೆ 11-30ಕ್ಕೆ ಮೊದಲಾದ ಆಟವು ಸಿಡ್ನಿಯವರಿಗೆ ರಾತ್ರಿ 8-30ರ ಆಟ. ಸಂಜೆ 6-30ಕ್ಕೆ ಮುಗಿದರೆ, ಅಲ್ಲಿ ಬೆಳಗಿನ ಜಾವ 3-30.

1934 ಮತ್ತು 1938ರಲ್ಲಿ ಆಸ್ಟ್ರೇಲಿಯದ ಕ್ರಿಕೆಟ್ ತಂಡವು ಇಂಗ್ಲೆಂಡಿಗೆ ಹೋದಾಗ, ಅಷ್ಟು ದೂರಕ್ಕೆ ಬಾನುಲಿಯ ಧ್ವನಿ ಎಡೆಬಿಡದೆ ಸ್ಪಷ್ಟವಾಗಿ ಕೇಳಿಬರುವ ಭರವಸೆ ಇರಲಿಲ್ಲ. ಆದುದರಿಂದ ಒಂದು ಉಪಾಯವನ್ನು ಹೂಡಲಾಯಿತು. ಮೈದಾನದಿಂದ ಸಂಕ್ಷಿಪ್ತ ಸಂಕೇತಗಳಲ್ಲಿ ಆಟದ ವಿವರವು ತಂತಿಯ ಮೂಲಕ ಬರುತ್ತಿತ್ತು. ಸಿಡ್ನಿಯ ಬಾನುಲಿ ಕೇಂದ್ರದಲ್ಲಿ ಅದನ್ನು ಬಿಡಿಸಿ, ವಿವರಣಕಾರರು ಕಣ್ಣೆದುರಿನ ಆಟವೆಂಬಂತೆ ವರ್ಣಿಸುತ್ತಿದ್ದರು. ಮರದ ಮೇಲೆ ಪೆನ್ಸಿಲನ್ನು ತಟ್ಟಿದರೆ ಅದೇ ದಾಂಡಿನ ಸದ್ದು. ಪ್ರೇಕ್ಷಕರ ಕರತಾಡನಕ್ಕೆ ಧ್ವನಿಮುದ್ರಿಕೆ. ತಂತಿ ತಡವಾದರೆ ಏನಾದರೊಂದು ನೆಪವನ್ನು ಕಲ್ಪಿಸಿ ಕಾಲವನ್ನು ತುಂಬಬೇಕಾಗಿತ್ತು. ಹೀಗೆ ವಿಳಂಬವು ಅಳಿಯಲಿಲ್ಲವಾದರೂ ಕೇಳುಗರ ಅನುಭವಕ್ಕೆ ಬಾರದಂತಾಯಿತು.

ವೇಳಾಂತರಕ್ಕೆ ಮಾತ್ರ ಇಂಥ ಉಪಾಯವಿರಲಿಲ್ಲ. 1938ರ ಆಗಸ್ಟಿನಲ್ಲಿ ಓವಲ್ ಮೈದಾನದ ಪಂದ್ಯದಲ್ಲಿ ಲೆನ್ ಹಟನ್ ಮೂರು ದಿನಗಳಿಗೆ ಹರಡಿದ ಆಟದಲ್ಲಿ 364 ಓಟಗಳನ್ನು ಗಳಿಸಿದನು. ಇಂಗ್ಲೆಂಡು 7 ವಿಕೆಟ್ಟಿಗೆ 903 ಓಟಗಳಾದ ಮೇಲೆ ಆಟವನ್ನು ಘೋಷಿಸಿತು. ಬ್ರಾಡ್‌ಮನ್ ಚೆಂಡೆಸೆಯುವಾಗ ಕಾಲಿಗೆ ಪೆಟ್ಟಾಗಿ ದಾಂಡನ್ನು ಹಿಡಿಯಲಾರದೆ ಹೋದನು. ಆಸ್ಟ್ರೇಲಿಯ ಒಂದು ಇನ್ನಿಂಗ್ಸ್ ಮತ್ತು 579 ಓಟಗಳಿಂದ ಸೋತಿತು. ಲಂಡನ್ನಿನ ಆ ಹಗಲುಗಳು ಆಸ್ಟ್ರೇಲಿಯದ ಕೇಳುಗರಿಗೆ ಇರುಳುಗಳಾಗಿದ್ದವು. ಸೋಲಿನ ವಾರ್ತೆಗೂ ಅವರು ನಿದ್ರೆಯನ್ನೇ ತೆರಬೇಕಾಗಿತ್ತು.

ಇಂದು ಉಪಗ್ರಹ ಮತ್ತು ಅಂತರ್ಜಾಲಗಳಿಂದಾಗಿ ವಿಳಂಬವು ಕೆಲವು ಕ್ಷಣಗಳಿಗೆ ಇಳಿದಿದೆ. ವೇಳಾಂತರವು ಇದ್ದಂತೆಯೇ ಇದೆ. ನಮ್ಮವರೇ ಹೊರನಾಡಿನಲ್ಲಿ ನೆಲಸಿರುವಾಗ ಈ ಸಂಬಂಧವು ತಿರುವುಮುರುವಾಗುತ್ತದೆ: ಆಟ ಇಲ್ಲಿ, ಅಭಿಮಾನಿ ಅಲ್ಲಿ. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಬೆಂಗಳೂರಿನ ತಂಡವು ಮೊದಲ ಬಾರಿಗೆ ಐ.ಪಿ.ಎಲ್. ಪ್ರಶಸ್ತಿಯನ್ನು ಗೆದ್ದಿತು. ರಾತ್ರಿ 7-30ರ ಆ ಪಂದ್ಯವು ಕ್ಯಾಲಿಫೋರ್ನಿಯದ ಕನ್ನಡಿಗರಿಗೆ ಬೆಳಿಗ್ಗೆ 7ರದು, ಕೆಲಸಕ್ಕೆ ಹೊರಡುವ ಹೊತ್ತಿನದು.

ಆಟವನ್ನು ಅನುಕೂಲವಾದಾಗ ನೋಡುವ ಸೌಕರ್ಯ ಇಂದು ಇದ್ದೇ ಇದೆ. ಆದರೂ ಜನರು ನಿದ್ರೆಗೆಡುವುದೇಕೆ? ಫಲಿತಾಂಶವು ಇನ್ನೂ ನಿರ್ಣಯವಾಗದಿರುವ ಕ್ಷಣದಲ್ಲಿ ತನ್ನವರೊಡನೆ ಇರುವುದೇ ಅಭಿಮಾನಿಯ ಇಷ್ಟಾರ್ಥ. ಆ ಕ್ಷಣವನ್ನು ಮುಂದಕ್ಕೆ ಹಾಕಲಾಗದು. ಅದಕ್ಕಾಗಿ ತನ್ನ ದಿನಚರಿಯನ್ನೇ ಬದಲಿಸಿಕೊಳ್ಳಬೇಕು.