ತೆರೆಯ ಮೇಲೆ ರಂಗೋಲಿ ಮೂಡಿದಾಗ

ಬೆಳ್ಳಟ್ಟಿಯಂಥ ಊರಿನಲ್ಲಿ ಕಂಪ್ಯೂಟರ್ ಕೆಟ್ಟರೆ ಅದನ್ನು ಗೋಣಿತಟ್ಟಿನಲ್ಲಿ ಸುತ್ತಿ ಬಸ್ಸಿಗೆ ಹಾಕಬೇಕು. ಲಕ್ಷ್ಮೇಶ್ವರದಲ್ಲಿ ಆಗದಿದ್ದರೆ ಗದಗ, ಅಲ್ಲೂ ಆಗದಿದ್ದರೆ ಹುಬ್ಬಳ್ಳಿ. ಅಷ್ಟು ದೂರ ಹೊತ್ತೊಯ್ದ ಮೇಲೆ ‘ಗ್ರಾಫಿಕ್ಸ್ ಕಾರ್ಡ್ ಹೋಗಿದೆ, ಹೊಸದು ಹಾಕಬೇಕು’ ಎಂಬ ಒಂದು ಸಾಲಿನ ತೀರ್ಪು ಬಂದರೆ ಅಪ್ಪನ ಮುಖ ಸಣ್ಣದಾಗುತ್ತದೆ. ಎಷ್ಟೋ ಸಲ ಆ ಕಾರ್ಡೊಂದರ ಬೆಲೆಯೇ ಉಳಿದೆಲ್ಲ ಭಾಗಗಳ ಬೆಲೆಗೆ ಸಮ. ತೀರ್ಪು ಸರಿಯೇ ಇರಬಹುದು. ಆದರೆ ಬಸ್ಸು ಹತ್ತುವ ಮೊದಲೇ ಮನೆಯಲ್ಲಿ ಮಾಡಬಹುದಾದ ತಪಾಸಣೆ ಸಾಕಷ್ಟಿದೆ. ಅದಕ್ಕೆ ಬೇಕಾದದ್ದು ಒಂದು ಸ್ಕ್ರೂಡ್ರೈವರ್, ಒಂದು ಮೃದುವಾದ ಬ್ರಷ್ಷು, ಒಂದು ರವಿವಾರದ ಬಿಡುವು.

ಗ್ರಾಫಿಕ್ಸ್ ಕಾರ್ಡ್ ಎಂದರೆ ಚಿತ್ರ ಬರೆಯುವ ಕೆಲಸಕ್ಕೆಂದೇ ಇರುವ ಪುಟ್ಟ ಕಂಪ್ಯೂಟರ್ ಎನ್ನಬಹುದು. ಅದಕ್ಕೆ ತನ್ನದೇ ಮಿದುಳು, ತನ್ನದೇ ಮೆಮರಿ, ತನ್ನದೇ ಫ್ಯಾನು. ಇವುಗಳಲ್ಲಿ ಯಾವುದು ಕೈಕೊಟ್ಟರೂ ತೆರೆ ಕಪ್ಪಾಗುತ್ತದೆ, ಇಲ್ಲವೇ ಬಣ್ಣಬಣ್ಣದ ಚುಕ್ಕೆ, ಗೆರೆ, ಚೌಕಗಳು ಮೂಡುತ್ತವೆ.

ಮೊದಲು ಕಾರ್ಡನ್ನು ಬಿಟ್ಟು ಉಳಿದದ್ದನ್ನು ನೋಡಿ. ಕೇಬಲ್ ಬದಲಿಸಿ. ಮಾನಿಟರನ್ನು ಬೇರೆ ಯಂತ್ರಕ್ಕೆ ಜೋಡಿಸಿ. ಸಡಿಲವಾದ ಕೇಬಲ್ಲಿಗೆ ಕಾರ್ಡು ಬಲಿಯಾದ ಪ್ರಸಂಗಗಳು ಕಡಿಮೆಯೇನಲ್ಲ.

ಚಿತ್ರ ಕೆಡುವುದು ಯಾವಾಗ ಎಂಬುದು ದೊಡ್ಡ ಸುಳಿವು. ವಿಂಡೋಸ್ ತೆರೆದುಕೊಂಡ ಮೇಲೆ ಮಾತ್ರ ಗೆರೆಗಳು ಬಂದರೆ ಡ್ರೈವರ್ ಎಂಬ ತಂತ್ರಾಂಶದ ಮೇಲೆ ಮೊದಲ ಅನುಮಾನ. ಅದನ್ನು ತೆಗೆದು ಮತ್ತೆ ಹಾಕಿದರೆ ಬಿಡಿಗಾಸಿಲ್ಲದೆ ರಿಪೇರಿ. ಸ್ವಿಚ್ ಒತ್ತಿದೊಡನೆ ಕಾಣುವ ಮೊದಲ ಪರದೆಯಲ್ಲೇ ಚುಕ್ಕೆಗಳಿದ್ದರೆ ದೋಷ ಯಂತ್ರಾಂಶದ್ದು, ಬಹುಮಟ್ಟಿಗೆ ಕಾರ್ಡಿನ ಮೆಮರಿಯದು. ಸುಮ್ಮನಿದ್ದಾಗ ಸರಿಯಾಗಿದ್ದು, ಆಟ ಶುರುವಾದೊಡನೆ ಯಂತ್ರವೇ ಆರಿಹೋದರೆ? ಆಗ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಪರೀಕ್ಷಿಸಿ. ಕಾರ್ಡು ಕುಳಿತ ಸ್ಲಾಟ್ ಕೊಡುವುದು 75 ವ್ಯಾಟ್ ಮಾತ್ರ. ದೊಡ್ಡ ಕಾರ್ಡುಗಳಿಗೆ ಪ್ರತ್ಯೇಕ ತಂತಿ ಬೇಕು: ಆರು ಪಿನ್ನಿನದಾದರೆ ಇನ್ನೂ 75, ಎಂಟು ಪಿನ್ನಿನದಾದರೆ 150 ವ್ಯಾಟ್. ಅಗ್ಗದ ಪೆಟ್ಟಿಗೆ ಅಲ್ಲಿಯೇ ಉಸಿರು ಬಿಡುತ್ತದೆ.

ಇನ್ನು ಪೆಟ್ಟಿಗೆ ಬಿಚ್ಚೋಣ. ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಕೆಲವು ಕ್ಷಣ ಒತ್ತಿ ಹಿಡಿದು, ಪೆಟ್ಟಿಗೆಯ ಬರಿಯ ಲೋಹವನ್ನು ಮುಟ್ಟಿದ ಮೇಲೆಯೇ ಒಳಗೆ ಕೈ ಹಾಕಿ. ಬೇಸಿಗೆಯ ಒಣ ಹವೆಯಲ್ಲಿ ಮೈಮೇಲೆ ಸೇರುವ ಸ್ಥಿರ ವಿದ್ಯುತ್ತು ನಮಗೆ ಗೊತ್ತಾಗದಷ್ಟು ಅಲ್ಪವಿದ್ದರೂ ಚಿಪ್ಪಿಗೆ ಮಾರಕ. ಕಾರ್ಡನ್ನು ಹೊರತೆಗೆದು ಬ್ರಷ್ಷಿನಿಂದ ಧೂಳು ಕೊಡವಿ. ಬ್ಲೋಯರ್ ಬಳಸುವಿರಾದರೆ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆಹಿಡಿಯಿರಿ. ಸುವರ್ಣ ಬಣ್ಣದ ಅಂಚನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಬಟ್ಟೆಯಿಂದ ಒರೆಸಿ, ಒಣಗಿಸಿ, ಕ್ಲಿಕ್ ಎನ್ನುವವರೆಗೆ ಒತ್ತಿ ಕೂರಿಸಿ. ಅರ್ಧ ಕೆಲಸ ಇಲ್ಲಿಯೇ ಮುಗಿಯುವುದುಂಟು.

ಆದರೂ ಬೆಳಕಿಲ್ಲವೇ? ಕಾರ್ಡನ್ನು ಪೂರ್ತಿ ತೆಗೆದಿಟ್ಟು, ಮಾನಿಟರ್ ಕೇಬಲ್ಲನ್ನು ನೇರವಾಗಿ ಮದರ್‌ಬೋರ್ಡಿಗೆ ಜೋಡಿಸಿ. ಬಹುತೇಕ ಪ್ರೊಸೆಸರುಗಳ ಒಳಗೇ ಸಾಧಾರಣ ಗ್ರಾಫಿಕ್ಸ್ ಇರುತ್ತದೆ. ಹೆಸರಿನ ಕೊನೆಗೆ ‘ಎಫ್’ ಅಕ್ಷರವಿರುವ ಇಂಟೆಲ್ ಪ್ರೊಸೆಸರಿನಲ್ಲಿ ಮಾತ್ರ ಅದು ಇರುವುದಿಲ್ಲ. ಎಎಂಡಿಯ ಹಲವು ಹಳೆಯ ಮಾದರಿಗಳಲ್ಲೂ ಇಲ್ಲ. ಹೀಗೆ ಚಿತ್ರ ಬಂದರೆ ದೋಷ ಕಾರ್ಡಿನತ್ತ ಬೆರಳು ತೋರಿಸುತ್ತದೆ. ಗೆಳೆಯನ ಯಂತ್ರದಲ್ಲಿ ಆ ಕಾರ್ಡನ್ನು ಹಾಕಿ ನೋಡಿದರೆ ಸಂಶಯವೂ ತೀರುತ್ತದೆ. ಪಾಲಕರು ಗಮನಿಸಬೇಕಾದ ಮಾತೊಂದಿದೆ. ಪ್ರಾಜೆಕ್ಟ್ ಟೈಪ್ ಮಾಡುವುದು, ಪಾಠದ ವಿಡಿಯೊ ನೋಡುವುದು, ಪ್ರೋಗ್ರಾಮಿಂಗ್ ಕಲಿಯುವುದು ಇವಿಷ್ಟೇ ಆದರೆ ಒಳಗಿನ ಗ್ರಾಫಿಕ್ಸೇ ಧಾರಾಳ. ಮಗ ಒಪ್ಪಲಿಕ್ಕಿಲ್ಲ, ಅದು ಬೇರೆ ಮಾತು!

ಕಾರ್ಡಿನಲ್ಲೂ ರಿಪೇರಿಯಾಗುವ ರೋಗಗಳಿವೆ. ಫ್ಯಾನು ನಿಂತಿದ್ದರೆ ಹೊಸ ಫ್ಯಾನು, ಚಿಪ್ಪಿನ ಮೇಲಿನ ಥರ್ಮಲ್ ಪೇಸ್ಟ್ ಒಣಗಿದ್ದರೆ ಹೊಸ ಪೇಸ್ಟ್. ತಲೆ ಉಬ್ಬಿದ ಕೆಪಾಸಿಟರ್, ಶಾರ್ಟ್ ಆದ ಮಾಸ್ಫೆಟ್ ಇವೆಲ್ಲ ಬೆಸುಗೆ ಬಲ್ಲ ಮೆಕ್ಯಾನಿಕ್ ಮಲ್ಟಿಮೀಟರ್ ಹಿಡಿದು ಪತ್ತೆಹಚ್ಚಬಲ್ಲ ದೋಷಗಳು. ಆತ ಮೀಟರ್ ಮುಟ್ಟದೆಯೇ ತೀರ್ಪು ಕೊಟ್ಟರೆ ಇನ್ನೊಂದು ಅಂಗಡಿ ನೋಡುವುದು ಲೇಸು.

ಸತ್ತ ಕಾರ್ಡನ್ನು ಓವನ್ನಿನಲ್ಲಿ ಬೇಯಿಸಿದರೆ ಬದುಕುತ್ತದೆ ಎಂಬ ‘ಮನೆಮದ್ದು’ ಒಂದು ಬಹಳ ಪ್ರಚಾರದಲ್ಲಿದೆ. ಇದು ಪೂರ್ತಿ ಸುಳ್ಳೂ ಅಲ್ಲ, ಅದೇ ಕಷ್ಟ. ಚಿಪ್ಪು ತನ್ನ ತಳದ ಹಲಗೆಗೆ ಕೂದಲೆಳೆಯಷ್ಟು ಸಣ್ಣ ಬೆಸುಗೆಯ ಗುಬ್ಬಿಗಳಿಂದ ಅಂಟಿಕೊಂಡಿರುತ್ತದೆ. ಬಿಸಿಯಾದಾಗ ಸಿಲಿಕಾನ್ ಒಂದಿಷ್ಟು, ಹಲಗೆ ಇನ್ನೊಂದಿಷ್ಟು ಹಿಗ್ಗುತ್ತದೆ. ದಿನವೂ ಹೀಗೆ ಹಿಗ್ಗಿ ಕುಗ್ಗಿ ಗುಬ್ಬಿಗಳು ಬಿರುಕು ಬಿಡುತ್ತವೆ. ಇದೇನೂ ಸಣ್ಣಪುಟ್ಟ ತೊಂದರೆಯಲ್ಲ. 2008ರ ಜುಲೈನಲ್ಲಿ ಎನ್‌ವಿಡಿಯಾ ಕಂಪನಿ ತನ್ನ ಕೆಲವು ಲ್ಯಾಪ್‌ಟಾಪ್ ಚಿಪ್ಪುಗಳಲ್ಲಿನ ಇಂಥ ದುರ್ಬಲತೆಗಾಗಿ 15ರಿಂದ 20 ಕೋಟಿ ಡಾಲರ್ ತೆಗೆದಿಡಬೇಕಾಯಿತು. ಕಾಯಿಸಿದಾಗ ಬಿರುಕಿನ ಎರಡು ತುದಿಗಳು ತಾತ್ಕಾಲಿಕವಾಗಿ ಮುಟ್ಟಿಕೊಳ್ಳುತ್ತವೆ, ಕಾರ್ಡು ಎದ್ದು ಕೂರುತ್ತದೆ, ಕೆಲವು ದಿನ ಅಥವಾ ವಾರಗಳಲ್ಲಿ ಮತ್ತೆ ಮಲಗುತ್ತದೆ. ಅಡುಗೆಯ ಓವನ್ನಿಗೆ ವಿಷದ ಹೊಗೆ ಮಾತ್ರ ಉಳಿಯುತ್ತದೆ. ‘ಹೀಟ್ ಕೊಟ್ಟು ಸರಿಮಾಡಿದೆ’ ಎಂದು ಯಾರಾದರೂ ಪೂರ್ತಿ ಹಣ ಕೇಳಿದರೆ ಎಷ್ಟು ತಿಂಗಳ ಗ್ಯಾರಂಟಿ ಎಂದು ಬರವಣಿಗೆಯಲ್ಲಿ ಕೇಳಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೂ ಒಂದು ಮಾತು. 2022ರ ಸೆಪ್ಟೆಂಬರ್‌ನಲ್ಲಿ ಈಥೀರಿಯಂ ಎಂಬ ಡಿಜಿಟಲ್ ನಾಣ್ಯವು ಗ್ರಾಫಿಕ್ಸ್ ಕಾರ್ಡುಗಳಿಂದ ‘ಗಣಿಗಾರಿಕೆ’ ಮಾಡುವ ಪದ್ಧತಿಯನ್ನು ಕೈಬಿಟ್ಟಿತು. ಹಗಲಿರುಳು ದುಡಿದ ಕಾರ್ಡುಗಳು ಒಮ್ಮೆಲೇ ಮಾರುಕಟ್ಟೆಗೆ ಬಂದವು. ಅವೆಲ್ಲ ಕೆಟ್ಟವೇನಲ್ಲ, ಆದರೆ ಒರೆಸಿಟ್ಟ ಹೊಳಪು ನೋಡಿ ನಂಬಬಾರದು. ಅಂಗಡಿಯಲ್ಲೇ ಯಂತ್ರಕ್ಕೆ ಹಾಕಿಸಿ, ಭಾರವಾದ ಆಟವನ್ನೋ ಪರೀಕ್ಷಾ ತಂತ್ರಾಂಶವನ್ನೋ ಅರ್ಧ ಗಂಟೆ ಓಡಿಸಿ, ಫ್ಯಾನಿನ ಸದ್ದು ಕೇಳಿಸಿಕೊಂಡು, ತೆರೆಯ ಮೇಲೆ ಒಂದು ಚುಕ್ಕೆಯೂ ಏಳದಿದ್ದರೆ ಮಾತ್ರ ಜೇಬಿಗೆ ಕೈ ಹಾಕಿ.