ಅದ್ಭುತಕಥೆಯ ಪಾತ್ರ ಮತ್ತು ಆಯಿಲ್ ಪೇಸ್ಟಲ್ ಭಾವಚಿತ್ರ

ಭಾವಚಿತ್ರವೆಂದರೆ ಮುಖದ ಹೋಲಿಕೆಯೆಂಬ ಭಾವನೆ ಚಿತ್ರಕಲೆಯನ್ನು ಅಭ್ಯಸಿಸುವವರಲ್ಲಿ ಬಲವಾಗಿ ಬೇರೂರಿದೆ. ಎದುರಿಗೆ ಕುಳಿತವರನ್ನು ಬರೆಯುವಾಗ ಇದರಿಂದ ಹೆಚ್ಚಿನ ಬಾಧಕವಿಲ್ಲ. ಆದರೆ ಅದ್ಭುತಕಥೆಯ ಪಾತ್ರಕ್ಕೆ ಹೋಲಿಸಿ ನೋಡಲು ಮೂಲವೇ ಇರದು. ಅದರ ಮನಸ್ಸನ್ನರಿಯದೆ ಬರೆದ ಚಿತ್ರ ಬರಿಯ ವೇಷವಾಗಿ ಉಳಿಯುತ್ತದೆ. ಆದುದರಿಂದ ಇಂತಹ ಅಭ್ಯಾಸವು ಪಾತ್ರದ ಮನೋಧರ್ಮದ ವಿವೇಚನೆಯಿಂದಲೇ ಆರಂಭವಾಗಬೇಕೆಂದು ನಾವು ಭಾವಿಸುತ್ತೇವೆ.

ಸೋಮದೇವನ ‘ಕಥಾಸರಿತ್ಸಾಗರ’ದ (11ನೆಯ ಶತಮಾನ) ಬೇತಾಳಕಥೆಯೊಂದನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ. ಪತಿ ಮತ್ತು ಸೋದರರ ಕಡಿದ ತಲೆಗಳನ್ನು ಹೆಣ್ಣೊಬ್ಬಳು ಅದಲುಬದಲಾಗಿ ಜೋಡಿಸುತ್ತಾಳೆ, ಇಬ್ಬರೂ ಬದುಕುತ್ತಾರೆ. ಪತಿ ಯಾರೆಂಬ ಪ್ರಶ್ನೆಗೆ, ಅಂಗಗಳಲ್ಲಿ ಶಿರಸ್ಸೇ ಪ್ರಧಾನವಾದುದರಿಂದ ಪತಿಯ ತಲೆಯುಳ್ಳವನೇ ಪತಿಯೆಂದು ರಾಜನು ಉತ್ತರಿಸುತ್ತಾನೆ. ಈ ವಸ್ತುವನ್ನು ಥಾಮಸ್ ಮಾನ್ 1940ರಲ್ಲಿ ಜರ್ಮನ್ ಭಾಷೆಯ ನೀಳ್ಗತೆಯಾಗಿಸಿದರು. ಗಿರೀಶ ಕಾರ್ನಾಡರು ‘ಹಯವದನ’ದಲ್ಲಿ (1971) ಕನ್ನಡ ರಂಗಭೂಮಿಗೆ ತಂದರು. ನಾಟಕದ ತೀರ್ಪೂ ತಲೆಯ ಪರವಾಗಿಯೇ ಇದೆ. ಆದರೆ ಅಲ್ಲಿಗೆ ಸಮಸ್ಯೆ ತೀರದು. ದೇವದತ್ತನ ತಲೆಯ ಕೆಳಗೆ ಕಪಿಲನ ದೃಢಕಾಯವು ಕ್ರಮೇಣ ಮೃದುವಾಗುತ್ತದೆ. ಕಪಿಲನಿಗೆ ದೊರೆತ ಕೋಮಲದೇಹ ಗಟ್ಟಿಯಾಗುತ್ತದೆ. ಆದರೂ ಆ ದೇಹದಲ್ಲುಳಿದ ಹಳೆಯ ಸ್ಪರ್ಶಗಳ ನೆನಪು ಕಪಿಲನನ್ನು ಕಾಡುತ್ತದೆ. ಇಂತಹವನ ಮುಖವನ್ನಷ್ಟೇ ಬರೆದರೆ ಅರ್ಧ ಮನುಷ್ಯನನ್ನು ಬರೆದಂತಾಯಿತು.

ಈ ಪಾತ್ರಕ್ಕೆ ಆಯಿಲ್ ಪೇಸ್ಟಲ್ ವಿಶೇಷವಾಗಿ ಒಪ್ಪುತ್ತದೆ. 1925ರಲ್ಲಿ ಜಪಾನಿನ ಸಕುರಾ ಸಂಸ್ಥೆ ಹೊರತಂದ ಈ ಕಡ್ಡಿಗಳಲ್ಲಿ ವರ್ಣದ್ರವ್ಯದೊಡನೆ ಮೇಣವೂ ಒಣಗದ ಎಣ್ಣೆಯೂ ಸೇರಿರುತ್ತವೆ. ಬಳಿದ ಬಣ್ಣ ಪೂರ್ಣವಾಗಿ ಗಟ್ಟಿಯಾಗದು. ಆದುದರಿಂದಲೇ ಮುಗಿದ ಚಿತ್ರಕ್ಕೆ ಗಾಜಿನ ಕಟ್ಟು ಬೇಕು. ಇದೇ ಗುಣದಿಂದ ಮೇಲಿನ ಪದರವನ್ನು ಕೆರೆದು ಕೆಳಗಿನದನ್ನು ಕಾಣಿಸಬಹುದು. ತರಿಯುಳ್ಳ ದಪ್ಪ ಕಾಗದದ ಮೇಲೆ, ಕಪಿಲನ ಕತ್ತು, ಭುಜ, ಕೈಗಳಿಗೆ ಮೊದಲು ದೇವದತ್ತನ ತಿಳಿಯಾದ ಮೈಬಣ್ಣವನ್ನು ಹಚ್ಚಬೇಕು. ಅದರ ಮೇಲೆ ಕಪಿಲನ ಕಪ್ಪು ಮೈಬಣ್ಣವನ್ನು ಒತ್ತಾಗಿ ಬಳಿದು ಬೆರಳಿನಿಂದ ಸವರಬೇಕು. ಬಳಿಕ ಮೊನಚಾದ ಕಡ್ಡಿಯಿಂದ ಅಲ್ಲಲ್ಲಿ ಕೆರೆದರೆ ತಿಳಿವರ್ಣ ಇಣುಕುತ್ತದೆ. ದೇಹದ ನೆನಪೆಂಬುದು ಹೀಗೆ ಕಣ್ಣಿಗೆ ಗೋಚರವಾಗುತ್ತದೆ. ಎಲ್ಲೆಡೆಯೂ ಕೆರೆದರೆ ಮಾತ್ರ ಅರ್ಥ ಕೆಡುವುದು. ನೆನಪು ಎಲ್ಲಿ ನಿಂತಿದೆಯೆಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕು.

ಮುಖವನ್ನು ಬಿಟ್ಟು ದೇಹವನ್ನು ಓದುವ ಈ ಪಾಠಕ್ಕೆ, ಕವಿ ಅಯ್ಯಾಶಾಸ್ತ್ರಿಗಳ (1854–1934) ಊರಾದ ಸೋಸಲೆಯ ಅಭ್ಯಾಸಿಗಳು ದೂರ ಹೋಗಬೇಕಾಗಿಲ್ಲ. ಅದೇ ತಿರುಮಕೂಡಲು ನರಸೀಪುರ ತಾಲ್ಲೂಕಿನ ಸೋಮನಾಥಪುರದಲ್ಲಿ 13ನೆಯ ಶತಮಾನದ ಕೇಶವ ದೇವಾಲಯವಿದೆ. ಬೇಲೂರು, ಹಳೇಬೀಡುಗಳ ದೇವಾಲಯಗಳೊಡನೆ ಅದು 2023ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅದರ ಹೊರಭಿತ್ತಿಯ ಮೂರ್ತಿಗಳಲ್ಲಿ ಅನೇಕ ಮುಖಗಳು ಬಹುಮಟ್ಟಿಗೆ ಒಂದೇ ಬಗೆಯವು. ನಿಂತ ಭಂಗಿ, ಕೈಗಳ ವಿನ್ಯಾಸ, ಹಿಡಿದ ಆಯುಧ ಇವುಗಳಿಂದಲೇ ನಾವು ಒಂದನ್ನು ಮತ್ತೊಂದರಿಂದ ಬೇರ್ಪಡಿಸುತ್ತೇವೆ. ಮುಖವನ್ನು ಖಾಲಿ ಬಿಟ್ಟು, ಇಂತಹ ಕೆಲವು ಭಂಗಿಗಳನ್ನು ಮಾತ್ರ ಬರೆದುಕೊಂಡು ಬರುವುದು ಉತ್ತಮ ಪೂರ್ವಾಭ್ಯಾಸ.

ಶಿರಸ್ಸೇ ಪ್ರಧಾನವೆಂಬ ರಾಜನ ಉತ್ತರ ನ್ಯಾಯನಿರ್ಣಯಕ್ಕೆ ಸಾಕಾಗಬಹುದು, ಚಿತ್ರಕಾರನಿಗೆ ಸಾಲದು. ಕಪಿಲನ ಕೈ ಯಾರ ನೆನಪನ್ನು ಹೊತ್ತಿದೆಯೆಂದು ಕೇಳಿಕೊಂಡು ಕಡ್ಡಿ ಹಿಡಿದವನು, ನಾಳೆ ಎದುರಿಗೆ ಕುಳಿತ ನೆರೆಯವನ ಕೈಯನ್ನೂ ಅಷ್ಟೇ ಶ್ರದ್ಧೆಯಿಂದ ನೋಡಬಲ್ಲನು.