ಪೂಲ್ ಮೇಜಿನ ಸ್ಥಳಾಂತರ

ಪೂಲ್ ಮೇಜಿನ ಸ್ಥಳಾಂತರ ಎಂದರೆ ಪೂಲ್ ಆಟದ ಮೇಜನ್ನು ಬಿಚ್ಚಿ, ಬೇರೆಡೆಗೆ ಸಾಗಿಸಿ, ಅಲ್ಲಿ ಮತ್ತೆ ಜೋಡಿಸಿ ಮಟ್ಟಕ್ಕೆ ತರುವ ಕೆಲಸ. ಹೊರನೋಟಕ್ಕೆ ಇದು ಮರದ ಪೀಠೋಪಕರಣದಂತೆ ಕಂಡರೂ ಉತ್ತಮ ದರ್ಜೆಯ ಮೇಜುಗಳಲ್ಲಿ ಬಟ್ಟೆಯ ಕೆಳಗಿನ ಹಾಸು ಸ್ಲೇಟ್ ಕಲ್ಲಿನದಾಗಿರುತ್ತದೆ. 9 ಅಡಿ ಉದ್ದದ ಮೇಜೊಂದು ಸಾಮಾನ್ಯವಾಗಿ 400 ಕೆ.ಜಿ.ಯ ಆಸುಪಾಸಿನಲ್ಲಿ ತೂಗುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ತೂಕ ಕಣ್ಣಿಗೆ ಕಾಣದ ಈ ಕಲ್ಲಿನದೇ. ಮಂಚ, ಬೀರುಗಳನ್ನು ಸಾಗಿಸುವ ರೀತಿಯಲ್ಲಿ ಇದನ್ನು ಎತ್ತಲು ಹೊರಟಾಗ ಕಲ್ಲು ಬಿರುಕು ಬಿಡುವುದು, ಅಂಚುಪಟ್ಟಿಗಳು ಕಿತ್ತು ಬರುವುದು, ಬೆನ್ನು ಮತ್ತು ಕೈಬೆರಳುಗಳಿಗೆ ತೀವ್ರ ಪೆಟ್ಟಾಗುವುದು ಸಂಭವಿಸುತ್ತವೆ.

ರಚನೆ

ಮೇಜನ್ನು ಕೆಳಗಿನಿಂದ ಮೇಲಕ್ಕೆ ಗಮನಿಸಿದರೆ ಮೊದಲು ಕಾಲುಗಳು, ಅವುಗಳ ಮೇಲೆ ಮರದ ಚೌಕಟ್ಟು, ಚೌಕಟ್ಟಿನ ಮೇಲೆ ತಿರುಪುಗಳಿಂದ ಬಿಗಿದ ಸ್ಲೇಟ್ ಚಪ್ಪಡಿಗಳು, ಅವುಗಳ ಮೇಲೆ ಎಳೆದು ಕಟ್ಟಿದ ಬಟ್ಟೆ ಇರುತ್ತವೆ. ಸುತ್ತಲೂ ರಬ್ಬರಿನ ಕುಶನ್ ಅಂಟಿಸಿದ ಮರದ ಅಂಚುಪಟ್ಟಿಗಳಿದ್ದು ಇವುಗಳನ್ನು ರೇಲ್ ಎನ್ನುತ್ತಾರೆ. ಮೇಜಿನ ಬಟ್ಟೆಯನ್ನು ಫೆಲ್ಟ್ ಎಂದು ಕರೆಯುವ ವಾಡಿಕೆ ಇದೆಯಾದರೂ ವಾಸ್ತವದಲ್ಲಿ ಅದು ನೇಯ್ದ ಉಣ್ಣೆ ಅಥವಾ ಉಣ್ಣೆ ಮತ್ತು ನೈಲಾನ್ ಮಿಶ್ರಣದ ಬಟ್ಟೆ.

ಆರಂಭದ ಬಿಲಿಯರ್ಡ್ಸ್ ಮೇಜುಗಳ ಹಾಸು ಮರದ್ದಾಗಿತ್ತು. ಮರವು ಹವೆಯ ತೇವಕ್ಕೆ ಉಬ್ಬಿ, ಒಣಗಿದಾಗ ಸೊಟ್ಟಗಾಗುತ್ತಿದ್ದುದರಿಂದ ಲಂಡನ್ನಿನ ಮೇಜು ತಯಾರಕ ಜಾನ್ ಥರ್ಸ್ಟನ್ 1826ರ ಸುಮಾರಿಗೆ ಸ್ಲೇಟ್ ಬಳಕೆಯನ್ನು ಆರಂಭಿಸಿದನು. ಜೇಡಿಪದರಗಳು ಭೂಮಿಯೊಳಗೆ ಒತ್ತಡಕ್ಕೂ ಶಾಖಕ್ಕೂ ಸಿಲುಕಿ ರೂಪಾಂತರಗೊಂಡಾಗ ಸ್ಲೇಟ್ ಉಂಟಾಗುತ್ತದೆ. ಹಿಂದೆ ಶಾಲಾ ಮಕ್ಕಳು ಬಳಪದಿಂದ ಬರೆಯುತ್ತಿದ್ದ ಕಲ್ಲಿನ ಸ್ಲೇಟೂ ಇದೇ ಶಿಲೆಯದು. ಪದರ ಪದರವಾಗಿ ಸೀಳಿ ಸಪಾಟಾದ ಹಲಗೆಗಳನ್ನು ಪಡೆಯಬಹುದಾದ ಗುಣವೇ ಇದರ ಹೆಚ್ಚುಗಾರಿಕೆ. ಪೆಟ್ಟು ಬಿದ್ದಾಗ ಅಂಚು ಚಕ್ಕೆ ಚಕ್ಕೆಯಾಗಿ ಎದ್ದು ಬರುವುದಕ್ಕೂ ಇದೇ ಗುಣ ಕಾರಣ.

ಬಹುಪಾಲು 8 ಮತ್ತು 9 ಅಡಿಯ ಮೇಜುಗಳಲ್ಲಿ ಸ್ಲೇಟ್ ಮೂರು ಚಪ್ಪಡಿಗಳಾಗಿರುತ್ತದೆ. ಸ್ಪರ್ಧಾ ಮಟ್ಟದ ಮೇಜುಗಳಿಗೆ ವಿಶ್ವ ಪೂಲ್-ಬಿಲಿಯರ್ಡ್ ಸಂಘವು ಕನಿಷ್ಠ 1 ಅಂಗುಲ, ಅಂದರೆ ಸುಮಾರು 25 ಮಿ.ಮೀ. ದಪ್ಪವನ್ನು ವಿಧಿಸಿದೆ. ಒಂದು ಘನ ಮೀಟರ್ ಸ್ಲೇಟ್ ಸುಮಾರು 2,750 ಕೆ.ಜಿ. ತೂಗುವುದರಿಂದ 1.45 ಮೀಟರ್ ಉದ್ದ, 0.9 ಮೀಟರ್ ಅಗಲ, 25 ಮಿ.ಮೀ. ದಪ್ಪದ ಒಂದು ಚಪ್ಪಡಿಯ ತೂಕ 90 ಕೆ.ಜಿ. ಆಗುತ್ತದೆ. ಇದು ಒಬ್ಬ ದೃಢಕಾಯ ವ್ಯಕ್ತಿಯ ತೂಕಕ್ಕಿಂತ ಹೆಚ್ಚು. ಹಿಡಿಯಲು ಹಿಡಿಕೆಯಾಗಲಿ, ಕೈಗೆ ಒಗ್ಗುವ ಆಕಾರವಾಗಲಿ ಅದಕ್ಕಿಲ್ಲ.

ಕಲ್ಲಿನ ವರ್ತನೆ

ಕಲ್ಲು ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಬಾಗುವಿಕೆಯನ್ನು ತಾಳುವುದಿಲ್ಲ. ಸ್ಥಳಾಂತರದ ಬಹುತೇಕ ನಿಯಮಗಳು ಈ ಒಂದು ಸಂಗತಿಯಿಂದಲೇ ಹುಟ್ಟಿವೆ. ಚಪ್ಪಡಿಯನ್ನು ಮಲಗಿಸಿದಂತೆ ಎರಡು ತುದಿಗಳಲ್ಲಿ ಹಿಡಿದರೆ ಅದರ ನಡುಭಾಗ ತನ್ನ ತೂಕಕ್ಕೆ ತಾನೇ ಬಾಗಲು ತೊಡಗುತ್ತದೆ. ಆ ಬಾಗುವಿಕೆಯನ್ನು ಎದುರಿಸಲು ಇರುವುದು 25 ಮಿ.ಮೀ. ದಪ್ಪ ಮಾತ್ರ. ಅದೇ ಚಪ್ಪಡಿಯನ್ನು ಉದ್ದನೆಯ ಅಂಚಿನ ಮೇಲೆ ನಿಲ್ಲಿಸಿ ಹಿಡಿದರೆ ಬಾಗುವಿಕೆಯನ್ನು ಎದುರಿಸಲು 900 ಮಿ.ಮೀ. ಎತ್ತರ ಒದಗುತ್ತದೆ; ಸ್ವಂತ ತೂಕದಿಂದ ಕಲ್ಲಿನೊಳಗೆ ಉಂಟಾಗುವ ಎಳೆತ 36ನೇ ಒಂದು ಪಾಲಿಗೆ ಇಳಿಯುತ್ತದೆ. ಗ್ರಾನೈಟ್ ಮಳಿಗೆಗಳಲ್ಲಿ ಚಪ್ಪಡಿಗಳನ್ನು ಮಲಗಿಸದೆ ಕಬ್ಬಿಣದ ಆಸರೆಗೆ ಒರಗಿಸಿ ನಿಲ್ಲಿಸುವುದಕ್ಕೆ ಇದೂ ಒಂದು ಕಾರಣ.

ನಿಶ್ಚಲವಾಗಿ ಹಿಡಿದಿರುವಷ್ಟು ಹೊತ್ತು ಮಲಗಿಸಿದ ಚಪ್ಪಡಿಯೂ ಸಾಮಾನ್ಯವಾಗಿ ಮುರಿಯುವುದಿಲ್ಲ. ಆದರೆ ಹೊರುವವರ ಹೆಜ್ಜೆ ತಪ್ಪುವುದು, ಒಂದು ತುದಿ ಧೊಪ್ಪನೆ ನೆಲಕ್ಕೆ ಬೀಳುವುದು, ವಾಹನ ರಸ್ತೆಯ ಉಬ್ಬಿನ ಮೇಲೆ ಹಾರುವುದು ಮುಂತಾದ ಕುಲುಕುಗಳು ಆ ಎಳೆತವನ್ನು ಒಮ್ಮೆಲೇ ಹಲವು ಪಟ್ಟು ಹೆಚ್ಚಿಸುತ್ತವೆ. ಪಾಕೆಟ್‌ಗಳಿಗಾಗಿ ಕತ್ತರಿಸಿದ ಮೂಲೆಗಳೂ ತಿರುಪು ಮತ್ತು ಬೋಲ್ಟ್‌ಗಳಿಗೆ ಕೊರೆದ ತೂತುಗಳೂ ಬಿರುಕು ಆರಂಭವಾಗುವ ದುರ್ಬಲ ಸ್ಥಳಗಳು. ಕೂದಲೆಳೆಯಷ್ಟು ಬಿರುಕು ಬಿಟ್ಟ ಚಪ್ಪಡಿಯೂ ಬಟ್ಟೆಯ ಕೆಳಗೆ ಗೊತ್ತಾಗದೆ ಕುಳಿತು, ಚೆಂಡು ಅದರ ಮೇಲೆ ಹಾಯ್ದಾಗಲೆಲ್ಲ ಪುಟಿಯುವಂತೆ ಮಾಡಬಹುದು.

ಬಿಚ್ಚುವಿಕೆ

ಕೆಲಸ ಆರಂಭಿಸುವ ಮುನ್ನ ಹೊಸ ಜಾಗವನ್ನು ಅಳೆದಿರಬೇಕಾಗುತ್ತದೆ. ಆಟದ ಕೋಲಿನ ಸಾಮಾನ್ಯ ಉದ್ದ 147 ಸೆಂ.ಮೀ. ಆದ್ದರಿಂದ 254 × 127 ಸೆಂ.ಮೀ. ಆಟದ ಹಾಸುಳ್ಳ 9 ಅಡಿ ಮೇಜಿನ ಸುತ್ತ ಎಲ್ಲ ಕಡೆಗೂ ಕೋಲು ಬೀಸಲು ಸುಮಾರು 5.5 × 4.2 ಮೀಟರ್‌ನ ಕೋಣೆ ಬೇಕು. ಮೇಜನ್ನು ತಂದು ಬಿಚ್ಚಿಟ್ಟ ಮೇಲೆ ಕೋಣೆ ಸಾಲದೆಂದು ತಿಳಿಯುವ ಪ್ರಸಂಗಗಳು ಅಪರೂಪವಲ್ಲ.

ಪಾಕೆಟ್‌ಗಳನ್ನು ಮೊದಲು ಬಿಡಿಸಿ, ಅನಂತರ ಹಾಸಿನ ಅಡಿಯಿಂದ ಬಿಗಿದಿರುವ ರೇಲ್ ಬೋಲ್ಟ್‌ಗಳನ್ನು ತೆಗೆಯಲಾಗುತ್ತದೆ. ಆರು ರೇಲ್‌ಗಳಿರುವ ಮೇಜಿನಲ್ಲಿ ಒಂದೊಂದಕ್ಕೆ ಮೂರರಂತೆ ಇವು ಸಾಮಾನ್ಯವಾಗಿ 18 ಇರುತ್ತವೆ. ಪ್ರತಿಯೊಂದು ಭಾಗಕ್ಕೂ ಗುರುತು ಹಾಕುವುದು, ಪ್ರತಿ ಹಂತದ ಛಾಯಾಚಿತ್ರ ತೆಗೆದುಕೊಳ್ಳುವುದು ಮರುಜೋಡಣೆಗೆ ಬಹಳ ನೆರವಾಗುತ್ತದೆ.

ಬಟ್ಟೆಯನ್ನು ಕೆಲವು ಮೇಜುಗಳಲ್ಲಿ ಸ್ಲೇಟಿಗೆ ಜೋಡಿಸಿದ ಮರದ ಪಟ್ಟಿಗೆ ಸ್ಟೇಪಲ್ ಪಿನ್‌ಗಳಿಂದ ಬಡಿದಿರುತ್ತಾರೆ, ಇನ್ನು ಕೆಲವು ಮೇಜುಗಳಲ್ಲಿ ಸ್ಲೇಟಿಗೇ ಅಂಟಿಸಿರುತ್ತಾರೆ. ಪಿನ್‌ಗಳನ್ನು ಒಂದೊಂದಾಗಿ ಕಿತ್ತರೆ ಬಟ್ಟೆಯನ್ನು ಉಳಿಸಿಕೊಳ್ಳಬಹುದು; ಆದರೂ ಒಮ್ಮೆ ಎಳೆದು ಕಟ್ಟಿದ್ದ ಬಟ್ಟೆ ಎರಡನೆಯ ಬಾರಿ ಎಲ್ಲ ಕಡೆ ಸಮನಾಗಿ ಬಿಗಿಯುವುದು ಕಷ್ಟ. ಸ್ಥಳಾಂತರದ ವೇಳೆಯಲ್ಲೇ ಹೊಸ ಬಟ್ಟೆ ಹಾಕಿಸುವ ರೂಢಿ ಇದರಿಂದ ಬಂದಿದೆ.

ಬಟ್ಟೆ ತೆಗೆದಾಗ ಚಪ್ಪಡಿಗಳ ನಡುವಿನ ಸಂದುಗಳೂ ತಿರುಪಿನ ತಲೆಗಳೂ ಜೇನುಮೇಣದಿಂದಲೋ ಪುಟ್ಟಿಯಿಂದಲೋ ಮುಚ್ಚಿಹೋಗಿರುವುದು ಕಾಣುತ್ತದೆ. ಮೇಣವನ್ನು ಕೆರೆದು ಎಲ್ಲ ತಿರುಪುಗಳನ್ನೂ ಹುಡುಕಿ ಬಿಚ್ಚುವುದು ಈ ಕೆಲಸದ ಅತ್ಯಂತ ತಾಳ್ಮೆಯ ಭಾಗ. ಒಂದೇ ಒಂದು ತಿರುಪು ಕಣ್ತಪ್ಪಿ ಉಳಿದರೂ ಚಪ್ಪಡಿಯನ್ನು ಎತ್ತುವಾಗ ಅದರ ಸುತ್ತಲಿನ ಕಲ್ಲು ಒಡೆದು ಬರುತ್ತದೆ. ಹಳೆಯ ಪುಟ್ಟಿಯನ್ನು ಉಜ್ಜಿ ತೆಗೆಯುವಾಗ ಏಳುವ ಸ್ಲೇಟಿನ ಧೂಳಿನಲ್ಲಿ ಶ್ವಾಸಕೋಶಕ್ಕೆ ಹಾನಿಕರವಾದ ಸಿಲಿಕಾ ಇರುತ್ತದೆ. ಮುಖಗವಸು ಧರಿಸುವುದು, ಉಜ್ಜುವ ಜಾಗವನ್ನು ಒದ್ದೆ ಮಾಡಿಕೊಳ್ಳುವುದು ಅಗತ್ಯ. ಚಪ್ಪಡಿಗಳನ್ನು ಎತ್ತುವ ಮೊದಲು ಯಾವುದು ಯಾವ ತುದಿಯದು, ಯಾವ ಅಂಚು ಯಾವುದಕ್ಕೆ ಕೂಡುತ್ತದೆ ಎಂಬುದನ್ನು ಸೀಸದ ಕಡ್ಡಿಯಿಂದ ಬರೆದಿಡಲಾಗುತ್ತದೆ. ಇವು ಒಟ್ಟಿಗೇ ಹೊಂದಿಸಿ ಅರೆದ ಜೋಡಿಗಳಾಗಿರುವುದರಿಂದ ಅದಲುಬದಲಾದರೆ ಸಂದು ಸರಿಯಾಗಿ ಕೂಡುವುದಿಲ್ಲ.

ಎತ್ತುವಿಕೆ ಮತ್ತು ಸಾಗಣೆ

ಚಪ್ಪಡಿಯ ಒಂದು ಬದಿಯನ್ನು ನಿಧಾನವಾಗಿ ಎತ್ತಿ, ಚೌಕಟ್ಟಿನ ಮೇಲೆಯೇ ಅದನ್ನು ಅಂಚಿನ ಮೇಲೆ ನಿಲ್ಲಿಸಿ, ಆಮೇಲೆ ಕೆಳಗಿಳಿಸುವುದು ಕ್ರಮ. 90 ಕೆ.ಜಿ.ಯ ಚಪ್ಪಡಿಯನ್ನು ಇಬ್ಬರು ಹೊರಬಲ್ಲರಾದರೂ ಅನುಭವವಿಲ್ಲದವರಾದರೆ ನಾಲ್ವರು ಇರುವುದು ಲೇಸು. ಬೆನ್ನು ಬಗ್ಗಿಸದೆ ಮಂಡಿ ಮಡಿಸಿ ಎತ್ತುವುದು, ಗಟ್ಟಿ ಮೂತಿಯ ಬೂಟು ಮತ್ತು ಜಾರದ ಕೈಗವಸು ಧರಿಸುವುದು ಎಲ್ಲ ಭಾರದ ಕೆಲಸಗಳಂತೆ ಇಲ್ಲಿಗೂ ಅನ್ವಯಿಸುತ್ತದೆ. ನೆಲಕ್ಕೆ ಇಳಿಸುವಾಗ ಎರಡು ಮರದ ತುಂಡುಗಳನ್ನು ಅಡಿಗೆ ಇಟ್ಟರೆ ಬೆರಳುಗಳು ಸಿಕ್ಕಿಕೊಳ್ಳುವುದಿಲ್ಲ. ಮೆಟ್ಟಿಲುಗಳಲ್ಲಿ ಕೆಳಗಡೆ ಇರುವವರ ಮೇಲೆಯೇ ಹೆಚ್ಚಿನ ಭಾರ ಬೀಳುವುದರಿಂದ ಬಲಶಾಲಿಗಳು ಆ ಕಡೆ ಇರಬೇಕು. ಅವರ ಹಿಂದೆ ಬರಿಗೈಯಲ್ಲಿ ಯಾರೂ ನಿಲ್ಲಬಾರದು.

ಹೊರುವುದಕ್ಕಿಂತಲೂ ಅಪಾಯಕಾರಿಯಾದದ್ದು ಹೊತ್ತು ಇಟ್ಟ ಬಳಿಕದ ವಿರಾಮ. ಗೋಡೆಗೆ ಒರಗಿಸಿ ಕಟ್ಟದೆ ಬಿಟ್ಟ ಚಪ್ಪಡಿ ನಯವಾದ ನೆಲದ ಮೇಲೆ ಬುಡ ಜಾರಿದರೂ, ತೀರ ನೇರವಾಗಿ ನಿಲ್ಲಿಸಿದ್ದು ಸ್ವಲ್ಪ ತಾಗಿದರೂ, ಪಕ್ಕದಲ್ಲಿರುವವರ ಮೇಲೆ ಉರುಳುತ್ತದೆ. ಮಕ್ಕಳಿರುವ ಮನೆಗಳಲ್ಲಿ ಇದು ಪ್ರಾಣಾಪಾಯದ ಸಂಗತಿ. ಉರುಳುತ್ತಿರುವ ಚಪ್ಪಡಿಯನ್ನು ಕೈಯೊಡ್ಡಿ ತಡೆಯುವ ಪ್ರಯತ್ನ ಸಹಜವಾದರೂ ಅದರಿಂದ ದೂರ ಸರಿಯುವುದೇ ಸರಿ: ಕಲ್ಲನ್ನು ಮತ್ತೆ ಕೊಳ್ಳಬಹುದು.

ವಾಹನದಲ್ಲಿ ಚಪ್ಪಡಿಗಳನ್ನು ಉದ್ದನೆಯ ಅಂಚಿನ ಮೇಲೆ ನಿಲ್ಲಿಸಿ, ನಡುವೆ ಕಂಬಳಿ ಇಟ್ಟು, ಪಕ್ಕದ ಗೋಡೆಗೆ ಒರಗಿಸಿ ಪಟ್ಟಿಗಳಿಂದ ಬಿಗಿಯಲಾಗುತ್ತದೆ. ಮಲಗಿಸಲೇಬೇಕಾದ ಸಂದರ್ಭದಲ್ಲಿ ಪೂರ್ತಿ ಅಡಿಭಾಗ ಸಮತಟ್ಟಾದ ಹಲಗೆಯ ಮೇಲೆ ಕೂರಬೇಕು. ಎರಡು ತೊಲೆಗಳ ಮೇಲೆ ಸೇತುವೆಯಂತೆ ಇಟ್ಟರೆ ಮೊದಲ ಗುಂಡಿಯಲ್ಲೇ ಮುರಿಯುವ ಸಂಭವವಿದೆ. ರೇಲ್‌ಗಳ ರಬ್ಬರ್ ಅಂಚಿನ ಮೇಲೆ ಭಾರ ಹೇರಬಾರದು.

ಒಂದೇ ಕೋಣೆಯಲ್ಲಿ ಕೆಲವು ಅಡಿ ಸರಿಸುವುದಕ್ಕೂ ಎಳೆಯುವುದು ತಕ್ಕ ವಿಧಾನವಲ್ಲ. ನೆಲಕ್ಕೆ ಕಚ್ಚಿಕೊಂಡ ಕಾಲುಗಳು ಚೌಕಟ್ಟಿನಿಂದ ಕಿತ್ತು ಬರುತ್ತವೆ. ರೇಲ್ ಹಿಡಿದು ಎತ್ತುವುದು ಅದಕ್ಕಿಂತ ದೊಡ್ಡ ತಪ್ಪು: ರೇಲ್ ಬೋಲ್ಟ್‌ಗಳನ್ನು ಚೆಂಡಿನ ಪೆಟ್ಟು ತಾಳಲು ಬಿಗಿದಿರುತ್ತಾರೆಯೇ ಹೊರತು ಇಡೀ ಮೇಜಿನ ತೂಕ ಹೊರಲು ಅಲ್ಲ. ಚೌಕಟ್ಟಿನ ಅಡಿಗೆ ಜಾಕ್ ಕೊಟ್ಟು ಎತ್ತಿ, ಚಕ್ರದ ಗಾಡಿಗಳ ಮೇಲೆ ಕೂರಿಸಿ ಸರಿಸಬಹುದು. ಹಾಗೆ ಸರಿಸಿದ ಮೇಲೂ ಮಟ್ಟವನ್ನು ಹೊಸದಾಗಿ ನೋಡಲೇಬೇಕಾಗುತ್ತದೆ.

ಮರುಜೋಡಣೆ ಮತ್ತು ಮಟ್ಟ

ಮೊದಲು ಚೌಕಟ್ಟನ್ನು, ಅನಂತರ ಚಪ್ಪಡಿಗಳನ್ನು ಮಟ್ಟಕ್ಕೆ ತರಲಾಗುತ್ತದೆ. ಗಾರೆ ಕೆಲಸದ ರಸಮಟ್ಟ ಚೌಕಟ್ಟಿಗೆ ಸಾಕು. ಸ್ಲೇಟಿಗೆ ಯಂತ್ರಶಾಲೆಗಳಲ್ಲಿ ಬಳಸುವಂಥ ಸೂಕ್ಷ್ಮ ಮಟ್ಟಮಾಪಕ ಬೇಕಾಗುತ್ತದೆ. ಸ್ಪರ್ಧಾ ಮೇಜಿನ ಹಾಸು ಉದ್ದಕ್ಕೆ ಸುಮಾರು 0.5 ಮಿ.ಮೀ., ಅಗಲಕ್ಕೆ ಸುಮಾರು 0.25 ಮಿ.ಮೀ. ಒಳಗೆ ಸಪಾಟಾಗಿರಬೇಕೆಂಬುದು ನಿಯಮ. ಈ ಅಳತೆ ಅತಿರೇಕವೆಂದು ತೋರಬಹುದು. ಮೇಜು ಅಡ್ಡಲಾಗಿ ಒಂದು ಮೀಟರಿಗೆ ಅರ್ಧ ಮಿ.ಮೀ.ನಷ್ಟು ವಾಲಿದ್ದರೆ, ಉದ್ದಕ್ಕೆ 4 ಸೆಕೆಂಡು ನಿಧಾನವಾಗಿ ಉರುಳುವ ಚೆಂಡು ತನ್ನ ದಾರಿಯಿಂದ ಸುಮಾರು 28 ಮಿ.ಮೀ. ಪಕ್ಕಕ್ಕೆ ಸರಿಯುತ್ತದೆ. ಪೂಲ್ ಚೆಂಡಿನ ವ್ಯಾಸ 57 ಮಿ.ಮೀ. ಆದ್ದರಿಂದ ಇದು ಅರ್ಧ ಚೆಂಡಿನಷ್ಟು ದೂರ, ಪಾಕೆಟ್ ತಪ್ಪಲು ಸಾಕಾಗುವಷ್ಟು. ಆಟಗಾರನು ತನ್ನ ಗುರಿಯನ್ನೇ ದೂರುತ್ತಾನೆ.

ಚಪ್ಪಡಿ ಮತ್ತು ಚೌಕಟ್ಟಿನ ನಡುವೆ ತೆಳುವಾದ ಬೆಣೆಗಳನ್ನು ತೂರಿಸಿ, ತಿರುಪುಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಮಟ್ಟ ಹೊಂದಿಸಲಾಗುತ್ತದೆ. ಸಂದಿನ ಮೇಲೆ ಬೆರಳುಗುರು ಆಡಿಸಿದಾಗ ತಡೆಯದಿದ್ದರೆ ಎರಡು ಚಪ್ಪಡಿಗಳು ಒಂದೇ ಎತ್ತರಕ್ಕೆ ಬಂದಂತೆ. ಬಳಿಕ ಸಂದಿಗೆ ಕರಗಿಸಿದ ಜೇನುಮೇಣ ಸುರಿದು, ಅದು ಗಟ್ಟಿಯಾದ ಮೇಲೆ ಮಟ್ಟಸವಾಗಿ ಕೆರೆದು, ಬಟ್ಟೆ ಹಾಕಲಾಗುತ್ತದೆ. ಚೌಕಟ್ಟಿನ ಮರ ಮತ್ತು ನೆಲದ ಕಂಬಳಿ ಭಾರಕ್ಕೆ ಕುಗ್ಗುವುದರಿಂದ ಕೆಲವು ವಾರಗಳ ನಂತರ ಮಟ್ಟವನ್ನು ಮತ್ತೊಮ್ಮೆ ಪರೀಕ್ಷಿಸುವುದು ವಾಡಿಕೆ.

ಮಹಡಿಯ ಮನೆಗಳಲ್ಲಿ ನೆಲದ ಸಾಮರ್ಥ್ಯವೂ ಪ್ರಶ್ನೆಯಾಗುತ್ತದೆ. ಭಾರತೀಯ ಮಾನಕ ಐಎಸ್ 875 ವಾಸದ ಕೋಣೆಗಳಿಗೆ ಪ್ರತಿ ಚದರ ಮೀಟರಿಗೆ ಸುಮಾರು 200 ಕೆ.ಜಿ. ಬಳಕೆಯ ಭಾರವನ್ನು ಲೆಕ್ಕ ಹಿಡಿಯುತ್ತದೆ. 9 ಅಡಿಯ ಪೂಲ್ ಮೇಜಿನ ತೂಕ ಅದು ಆವರಿಸುವ ಜಾಗಕ್ಕೆ ಹಂಚಿದಾಗ ಇದರ ಅರ್ಧದಷ್ಟಾಗುತ್ತದೆ. ಭಾರ ವಾಸ್ತವವಾಗಿ ಕಾಲುಗಳ ಕೆಳಗೆ ಕೇಂದ್ರೀಕರಿಸುವುದರಿಂದ ಟೈಲ್ಸ್ ಬಿರಿಯದಂತೆ ಅಗಲವಾದ ಹಲಗೆ ತುಂಡುಗಳನ್ನು ಇಡುವುದುಂಟು.

ಇತರ ಬಗೆಯ ಮೇಜುಗಳು

ನಾಣ್ಯ ಹಾಕಿ ಆಡುವ 7 ಅಡಿಯ ಮೇಜುಗಳಲ್ಲಿ ಸ್ಲೇಟ್ ಸಾಮಾನ್ಯವಾಗಿ ಒಂದೇ ಚಪ್ಪಡಿ. ಇವುಗಳ ಕಾಲು ಬಿಚ್ಚಿ, ಇಡೀ ಮೇಜನ್ನು ಪಕ್ಕಕ್ಕೆ ಹೊರಳಿಸಿ ಗಾಡಿಯ ಮೇಲೆ ಸಾಗಿಸಬಹುದು. ಒಳಗಿನ ಚೆಂಡುಗಳನ್ನು ಮೊದಲೇ ತೆಗೆದಿರಬೇಕು. ಸಂಸ್ಕರಿಸಿದ ಮರದ ಹಲಗೆಯ ಹಾಸುಳ್ಳ ಅಗ್ಗದ ಮೇಜುಗಳು ಹಗುರವಾಗಿದ್ದು ಇಷ್ಟು ಸಿದ್ಧತೆ ಬೇಡುವುದಿಲ್ಲ.

ಸ್ನೂಕರ್ ಮತ್ತು ಬಿಲಿಯರ್ಡ್ಸ್‌ನ 12 ಅಡಿಯ ಮೇಜುಗಳದು ಬೇರೆಯೇ ಪ್ರಮಾಣ. ಬೆಂಗಳೂರಿನಲ್ಲಿ ಆಡಿ ಬೆಳೆದ ಪಂಕಜ್ ಅಡ್ವಾಣಿ ವಿಶ್ವ ಪ್ರಶಸ್ತಿಗಳನ್ನು ಗೆದ್ದದ್ದು ಇಂಥ ಮೇಜುಗಳ ಮೇಲೆ. ಇವುಗಳಲ್ಲಿ ಐದು ಚಪ್ಪಡಿಗಳಿದ್ದು ಒಂದೊಂದೂ 150 ಕೆ.ಜಿ. ಮೀರಬಹುದು. ಒಟ್ಟು ತೂಕ ಒಂದು ಟನ್ನಿಗಿಂತ ಹೆಚ್ಚಾದ್ದರಿಂದ ಮಹಡಿಯ ಮೇಲೆ ಇಡುವ ಮುನ್ನ ಕಟ್ಟಡದ ಎಂಜಿನಿಯರರ ಅಭಿಪ್ರಾಯ ಪಡೆಯಬೇಕಾಗುತ್ತದೆ. ಸ್ಪರ್ಧೆಯ ಸ್ನೂಕರ್ ಮೇಜುಗಳಲ್ಲಿ ಬಟ್ಟೆಯ ತೇವ ಆರಿಸಲು ಸ್ಲೇಟಿನ ಅಡಿಯಲ್ಲಿ ವಿದ್ಯುತ್ ಕಾವು ಸಾಧನಗಳಿದ್ದು ಅವುಗಳ ಸಂಪರ್ಕವನ್ನು ಮೊದಲೇ ಕಡಿಯಬೇಕು. ಇಂಗ್ಲೆಂಡಿನ ಶೆಫೀಲ್ಡ್ ನಗರದ ಕ್ರೂಸಿಬಲ್ ರಂಗಮಂದಿರದಲ್ಲಿ 1977ರಿಂದ ನಡೆಯುತ್ತಿರುವ ವಿಶ್ವ ಸ್ನೂಕರ್ ಚಾಂಪಿಯನ್‌ಷಿಪ್‌ನಲ್ಲಿ ಆರಂಭದ ಸುತ್ತುಗಳು ಎರಡು ಮೇಜುಗಳ ಮೇಲೆ ನಡೆದು, ಉಪಾಂತ್ಯದ ವೇಳೆಗೆ ಒಂದೇ ಮೇಜು ಉಳಿಯುತ್ತದೆ.

ಸ್ನೂಕರಿನ ನಿಯಮಗಳು 1882ರಲ್ಲಿ ಊಟಿಯ ಕ್ಲಬ್ಬಿನಲ್ಲಿ ಲಿಖಿತ ರೂಪ ಪಡೆದವೆಂಬುದು ಪ್ರಚಲಿತ ಇತಿಹಾಸ. ನೀಲಗಿರಿಯ ಬೆಟ್ಟದ ರೈಲು ಊಟಿಯನ್ನು ಮುಟ್ಟಿದ್ದು 1908ರಲ್ಲಿ. ಆದ್ದರಿಂದ ಆ ಆಟ ರೂಪುಗೊಂಡ ಮೇಜು ರೈಲಿಲ್ಲದ ಕಾಲದಲ್ಲಿ ಘಾಟಿಯ ರಸ್ತೆಯಲ್ಲೇ ಬೆಟ್ಟ ಏರಿರಬೇಕು.